ಆತ್ಮಕಥೆ ಬರೆಸುವ ಮುನ್ನ: ಮುಂಬಯಿ ಕನ್ನಡಿಗರು ಯಾರ ಕೈಗೆ ಕೊಡಬೇಕು, ಯಾರ ಹತ್ತಿರ ಹುಷಾರಾಗಿರಬೇಕು

ಮುಂಬಯಿಯಲ್ಲಿ ಕನ್ನಡ ಪುಸ್ತಕ ಬಿಡುಗಡೆಗೆ ಬರವಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಕುರ್ಲಾದ ಬಂಟರ ಭವನ, ಸಾಂತಾಕ್ರೂಜ್‌ನ ಬಿಲ್ಲವರ ಭವನ, ಹೀಗೆ ಎಲ್ಲಾದರೂ ಒಂದು ಕಡೆ ಹೊಸ ಪುಸ್ತಕದ ರಿಬ್ಬನ್ ಬಿಚ್ಚುತ್ತಲೇ ಇರುತ್ತಾರೆ. ಹೋಟೆಲ್ ಉದ್ಯಮಿಯ ಆತ್ಮಕಥೆ, ನಿವೃತ್ತ ಬ್ಯಾಂಕ್ ಅಧಿಕಾರಿಯ ನೆನಪುಗಳು, ಸಂಘದ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ಇಂಥವೇ ಜಾಸ್ತಿ. ಮುಖಪುಟದಲ್ಲಿ ಹೆಸರಿರುವವರೇ ಕೂತು ಬರೆದದ್ದು ಇವುಗಳಲ್ಲಿ ಎಷ್ಟು ಅಂತ ಕೇಳಿದರೆ ಎಲ್ಲರೂ ಸುಮ್ನೆ ನಗುತ್ತಾರೆ.

ಇದರಲ್ಲಿ ನಾಚಿಕೆಯೇನೂ ಇಲ್ಲ. ಹಗಲು ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ನಲವತ್ತು ವರ್ಷ ಗಲ್ಲಾದ ಮುಂದೆ ಕೂತವರಿಗೆ ಇನ್ನೂರು ಪುಟ ಬರೆಯುವ ಅಭ್ಯಾಸ ಎಲ್ಲಿಂದ ಬರಬೇಕು? ಬದುಕು ಅವರದು, ಬರವಣಿಗೆಗೆ ಇನ್ನೊಬ್ಬರ ಸಹಾಯ. ತೊಂದರೆ ಇರುವುದು ಆ ಇನ್ನೊಬ್ಬರನ್ನು ಹುಡುಕುವ ರೀತಿಯಲ್ಲಿ. ಕನ್ನಡ ಪುಸ್ತಕಗಳ ಪ್ರೂಫ್ ನೋಡುವುದು ನನ್ನ ಕೆಲಸ. ಹೀಗೆ ಬರೆಸಿದ ಪುಸ್ತಕಗಳು ಕೊನೆಯ ಹಂತದಲ್ಲಿ ಡೊಂಬಿವಲಿಯ ನನ್ನ ಮೇಜಿಗೆ ಬರುತ್ತವೆ. ಮೋಸ ಆಗಿದ್ದರೆ ಅದು ಮೊದಲು ಕಣ್ಣಿಗೆ ಬೀಳುವುದೂ ಅಲ್ಲೇ. ಅಂದರೆ ದುಡ್ಡು ಪೂರ್ತಿ ಕೈಬಿಟ್ಟ ಮೇಲೆ.

ಮುಂಬಯಿ ಕನ್ನಡಿಗರು ಇದರಲ್ಲಿ ಬೇಗ ಸಿಕ್ಕಿಬೀಳುವುದಕ್ಕೆ ಒಂದು ಕಾರಣ ಇದೆ. ತಂದೆಗೆ ಕನ್ನಡ ಬರುತ್ತದೆ, ಆದರೆ ಕಣ್ಣು ಸಾಲದು. ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತಾಡುತ್ತಾರೆ, ಆದರೆ ಓದಿದ್ದು ಇಂಗ್ಲಿಷ್ ಮೀಡಿಯಂ, ಅಕ್ಷರ ಗೊತ್ತಿರುವುದು ಮರಾಠಿಯದು. ಹಾಗಾಗಿ ದುಡ್ಡು ಕೊಡುವವರು ಒಬ್ಬರು, ಪುಸ್ತಕ ಓದಬಲ್ಲವರು ಇನ್ನೊಬ್ಬರು. ನಡುವೆ ಏನು ಬೇಕಾದರೂ ನಡೆಯಬಹುದು. ಅದಕ್ಕೇ ನನ್ನ ಸಲಹೆ ದರಪಟ್ಟಿಯಿಂದ ಶುರುವಾಗುವುದಿಲ್ಲ. ಕೆಲಸ ನಡೆಯುತ್ತಿರುವಾಗಲೇ ಅದು ನಿಮ್ಮ ಕಣ್ಣಿಗೆ ಬೀಳುತ್ತದೆಯೇ, ಇದನ್ನೇ ಮೊದಲು ಕೇಳಿ. ಕೆಳಗಿನ ದಾರಿಗಳನ್ನೆಲ್ಲ ನಾನು ಅಳೆದಿರುವುದು ಇದೇ ಅಳತೆಯಲ್ಲಿ.

ಬರೆಸಲೇಬಾರದ್ದು

ಆತ್ಮಕಥೆ, ಸಂಸ್ಥೆಯ ಚರಿತ್ರೆ, ವೇದಿಕೆಯ ಭಾಷಣ, ವ್ಯಾಪಾರದ ಅನುಭವದ ಪುಸ್ತಕ, ಇವನ್ನು ಬರೆಸಬಹುದು. ಪಿಎಚ್‌ಡಿ ಥೀಸಿಸ್, ಎಂ.ಎ. ಪ್ರಬಂಧ, ಬಹುಮಾನದ ಸ್ಪರ್ಧೆಗೆ ಕಳಿಸುವ ಕಥೆ ಕವಿತೆ, ಇವನ್ನು ಬರೆಸಬಾರದು. ಅಲ್ಲಿ ಬರವಣಿಗೆಯೇ ಪರೀಕ್ಷೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಗಳಲ್ಲಿ ಥೀಸಿಸ್‌ನ ಮಾತು ಬೇರೆ ಬರಹಗಳನ್ನು ಹೋಲುವುದು 10 ಶೇಕಡಾ ದಾಟಿದರೆ ತಿದ್ದಿ ಮತ್ತೆ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ‘10 ಶೇಕಡಾ ಒಳಗೆ ಗ್ಯಾರಂಟಿ’ ಅಂತ ಜಾಹೀರಾತು ಹಾಕುವವರು ಹುಟ್ಟಿಕೊಂಡಿರುವುದು ಈ ಲೆಕ್ಕ ನೋಡಿಯೇ. ಅಕ್ಷರ ಹೊಂದದಂತೆ ಮಾಡಬಹುದು, ಆದರೆ ಬೇರೆಯವರು ಬರೆದದ್ದು ಬೇರೆಯವರದ್ದೇ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ: ಥೀಸಿಸ್ ಬರೆದುಕೊಡುವವರ ಹತ್ತಿರ ಆತ್ಮಕಥೆಯನ್ನೂ ಬರೆಸಬೇಡಿ. ವಿಶ್ವವಿದ್ಯಾಲಯಕ್ಕೆ ಸುಳ್ಳು ಹೇಳಲು ಕೂಲಿ ತೆಗೆದುಕೊಳ್ಳುವವರು ನಿಮಗೆ ಮಾತ್ರ ನಿಜ ಹೇಳುತ್ತಾರೆ ಅಂತ ನಂಬುವುದು ಹೇಗೆ?

ಊರಲ್ಲೇ ಇರುವ ಬರಹಗಾರರು

ಮುಂಬಯಿಯ ಕನ್ನಡ ಪತ್ರಿಕೆಗಳಲ್ಲಿ ದುಡಿದವರು, ನಿವೃತ್ತ ಅಧ್ಯಾಪಕರು, ಕಲೀನಾದ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಓದಿದವರು ಈ ಕೆಲಸ ಮಾಡುತ್ತಾರೆ. ದೊಡ್ಡ ಅನುಕೂಲ ಏನೆಂದರೆ ಮನೆಗೆ ಬರುತ್ತಾರೆ, ಎದುರು ಕೂತು ಕೇಳುತ್ತಾರೆ. ‘ಪಗಡಿ ಕೊಟ್ಟು ಗಾಲಾ ಹಿಡಿದೆ’ (ಮುಂಗಡ ಹಣ ಕೊಟ್ಟು ಬಾಡಿಗೆಗೆ ಅಂಗಡಿ ಜಾಗ ಹಿಡಿದೆ) ಅಂದರೆ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆ ಗಿರಣಿ ಮುಷ್ಕರ ಶುರುವಾದಾಗ ಪರೇಲ್‌ನಲ್ಲಿ ಊಟದ ಡಬ್ಬಿಗಳು ಯಾಕೆ ಕಡಿಮೆಯಾದವು ಅಂತ ಅವರೇ ಕೇಳುತ್ತಾರೆ.

ಅಪಾಯ ಇರುವುದು ‘ನಮ್ಮವರೇ ಅಲ್ವಾ’ ಅನ್ನುವ ಮಾತಿನಲ್ಲಿ. ಪರಿಚಯ ಇದ್ದಾಗ ಕಾಗದ ಆಗುವುದಿಲ್ಲ. ಎಷ್ಟು ತಿಂಗಳು, ಎಷ್ಟು ದುಡ್ಡು, ಯಾರ ಹೆಸರು, ಯಾವುದೂ ಬರೆದಿಟ್ಟಿರುವುದಿಲ್ಲ. ಕೆಲಸ ನಿಂತರೆ ಕೇಳಲು ಸಂಕೋಚ, ಯಾಕೆಂದರೆ ಮುಂದಿನ ವಾರ ಅದೇ ಮದುವೆಯಲ್ಲಿ ಇಬ್ಬರೂ ಸಿಗುತ್ತಾರೆ. ಇನ್ನೊಂದು, ನೀವು ಪಾಲುದಾರನ ಜೊತೆ ಜಗಳ ಆದದ್ದನ್ನು ಹೇಳಿದರೆ ಅದು ಪುಸ್ತಕಕ್ಕಿಂತ ಮೊದಲು ಸಂಘಕ್ಕೆ ಮುಟ್ಟಬಹುದು. ಗುಟ್ಟು ಕಾಯುವ ಬಗ್ಗೆ ಎರಡು ಸಾಲು ಒಪ್ಪಂದದಲ್ಲಿ ಇರಲಿ, ಪರಿಚಯದವರಿಗಂತೂ ಇನ್ನೂ ಮುಖ್ಯವಾಗಿ.

ಬೆಂಗಳೂರು, ಮಂಗಳೂರು, ಉಡುಪಿಯಿಂದ ಫೋನಿನಲ್ಲೇ ಕೆಲಸ ಮಾಡುವವರೂ ಇದ್ದಾರೆ. ಆಯ್ಕೆ ಜಾಸ್ತಿ, ಒಳ್ಳೆಯ ಕೈಗಳೂ ಸಿಗುತ್ತವೆ. ಆದರೆ ಹೆಸರಿರುವವರು ಮಾತಾಡಿಸಿ ಕೆಲಸವನ್ನು ಶಿಷ್ಯರಿಗೆ ದಾಟಿಸುವುದು ಇಲ್ಲಿ ಸುಲಭ. ‘ಬರೆಯುವುದು ನಾನೇ, ಬೇರೆಯವರಿಗೆ ಕೊಡುವುದಿದ್ದರೆ ನಿಮ್ಮ ಒಪ್ಪಿಗೆ ಪಡೆಯುತ್ತೇನೆ’ ಅನ್ನುವ ವಾಕ್ಯವನ್ನು ಬರೆಸಿಕೊಳ್ಳಿ.

ಪ್ಯಾಕೇಜ್ ಕಂಪನಿಗಳು

ಮೊಬೈಲಿನಲ್ಲಿ ಒಂದು ಸಲ ಜಾಹೀರಾತು ಒತ್ತಿದರೆ ಮರುದಿನವೇ ಫೋನ್ ಬರುತ್ತದೆ. ಮಾತು ಬಹಳ ಚಂದ. ಬರವಣಿಗೆ, ಡಿಟಿಪಿ (ಪುಟ ಜೋಡಣೆ), ಮುಖಪುಟ, ಮುದ್ರಣ, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್, ಕಾಪಿರೈಟ್, ಬಿಡುಗಡೆ, ಎಲ್ಲ ಒಂದೇ ರೇಟಿನಲ್ಲಿ. ಪ್ರಾಮಾಣಿಕವಾಗಿ ಮಾಡುವವರು ಇಲ್ಲವೆಂದಲ್ಲ. ಓಡಾಡಲು ಆಗದವರಿಗೆ ಇದು ಅನುಕೂಲವೂ ಹೌದು. ಆದರೆ ಅಡುಗೆಮನೆಯ ಬಾಗಿಲು ಸದಾ ಮುಚ್ಚಿಟ್ಟಿರುವ ಹೋಟೆಲ್ ಇದ್ದ ಹಾಗೆ. ತಟ್ಟೆ ಬರುವ ತನಕ ಒಳಗೆ ಯಾರಿದ್ದಾರೆ ಅಂತ ಗೊತ್ತಾಗುವುದಿಲ್ಲ. ಮಾತಾಡಿದವರು ಸೇಲ್ಸ್‌ನವರು, ಬರೆಯುವವರು ಎಲ್ಲೋ ಇರುವ, ಪುಟಕ್ಕೆ ಇಷ್ಟು ಅಂತ ಕಾಸು ಪಡೆಯುವ ಒಬ್ಬ ಹುಡುಗ ಅಥವಾ ಹುಡುಗಿ. ಅವರಿಗೂ ಅನ್ಯಾಯ, ನಿಮಗೂ ಅನ್ಯಾಯ.

ಇವರ ಪಟ್ಟಿಯನ್ನು ಒಂದೊಂದೇ ಸಾಲಾಗಿ ಓದಿ. ಐಎಸ್‌ಬಿಎನ್‌ಗೆ ಸಾವಿರಗಟ್ಟಲೆ ಬರೆದಿದ್ದಾರೆಯೇ? ಭಾರತದಲ್ಲಿ ಈ ಸಂಖ್ಯೆಯನ್ನು ಕೊಡುವುದು ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ ರಾಯ್ ಏಜೆನ್ಸಿ. ಅದು ಉಚಿತ. ಲೇಖಕರು ತಾವೇ ಅರ್ಜಿ ಹಾಕಬಹುದು. ಅರ್ಜಿ ತುಂಬುವ ಶ್ರಮಕ್ಕೆ ಸ್ವಲ್ಪ ತೆಗೆದುಕೊಂಡರೆ ತಪ್ಪಿಲ್ಲ, ಆದರೆ ಅದನ್ನು ‘ಸರ್ಕಾರಿ ಶುಲ್ಕ’ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಕಾಪಿರೈಟ್ ನೋಂದಣಿಯೂ ಹಾಗೆಯೇ. ಸಾಹಿತ್ಯ ಕೃತಿಗೆ ಸರ್ಕಾರದ ಶುಲ್ಕ 500 ರೂಪಾಯಿ. ನೋಂದಣಿ ಕಡ್ಡಾಯವೂ ಅಲ್ಲ, ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ.

ಬಿಲ್ಲಿನಲ್ಲಿ 18 ಶೇಕಡಾ ಜಿಎಸ್‌ಟಿ ಹಾಕಿದ್ದರೆ ಜಿಎಸ್‌ಟಿ ಸಂಖ್ಯೆ ಕೇಳಿ. ಅದರಲ್ಲಿ 15 ಅಕ್ಷರ-ಅಂಕಿ ಇರುತ್ತವೆ. ಮಹಾರಾಷ್ಟ್ರದಲ್ಲಿ ನೋಂದಾಯಿಸಿದ್ದು 27ರಿಂದ ಶುರುವಾಗುತ್ತದೆ, ಕರ್ನಾಟಕದ್ದು 29ರಿಂದ, ಗೋವಾದ್ದು 30ರಿಂದ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿದರೆ ನಿಜವಾದ ಹೆಸರು, ನೋಂದಣಿ ಇನ್ನೂ ಚಾಲ್ತಿಯಲ್ಲಿದೆಯೇ ಇಲ್ಲವೇ ಎಲ್ಲ ತೋರಿಸುತ್ತದೆ. ಅಂಧೇರಿಯ ವಿಳಾಸ ಹೇಳಿ ಬೇರೆ ರಾಜ್ಯದ ಸಂಖ್ಯೆ ಕೊಟ್ಟರೆ ಯಾಕೆ ಅಂತ ಕೇಳಿ. ಒಬ್ಬಂಟಿ ಬರಹಗಾರರಿಗೆ ಈ ಪರೀಕ್ಷೆ ಬೇಡ. ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ಅವರಿಗೆ ನೋಂದಣಿಯೇ ಬೇಕಿಲ್ಲ. ಸಂಖ್ಯೆ ಇಲ್ಲದಿರುವುದು ಮೋಸ ಅಲ್ಲ, ಸಂಖ್ಯೆ ಇಲ್ಲದೆ ತೆರಿಗೆ ವಸೂಲಿ ಮಾಡುವುದು ಮೋಸ.

ಇನ್ನು ಭರವಸೆಗಳು. ‘ಗ್ರಂಥಾಲಯದ ಸಗಟು ಖರೀದಿಗೆ ಗ್ಯಾರಂಟಿ’ ಅನ್ನುತ್ತಾರೆ. ಅದು ಆಯ್ಕೆ ಸಮಿತಿಯ ಕೆಲಸ, ಯಾರೂ ಮೊದಲೇ ಗ್ಯಾರಂಟಿ ಕೊಡಲಾಗದು. ‘ಆನ್‌ಲೈನ್‌ನಲ್ಲಿ ಬೆಸ್ಟ್ ಸೆಲ್ಲರ್ ಮಾಡಿಸುತ್ತೇವೆ’ ಅನ್ನುತ್ತಾರೆ. ಯಾರೂ ಹೋಗದ ಒಂದು ಸಣ್ಣ ವಿಭಾಗದಲ್ಲಿ ಒಂದೇ ದಿನ ಒಂದಷ್ಟು ಪ್ರತಿ ಕೊಂಡರೂ ಆ ಪಟ್ಟಿ ಏರಬಹುದು. ‘ದೊಡ್ಡ ಸಾಹಿತಿಯಿಂದ ಮುನ್ನುಡಿ ಬರೆಸುತ್ತೇವೆ, ಅದಕ್ಕೆ ಬೇರೆ ಚಾರ್ಜ್’ ಅನ್ನುವವರೂ ಇದ್ದಾರೆ. ಆ ಸಾಹಿತಿಗೆ ನೀವೇ ಒಂದು ಫೋನ್ ಮಾಡಿ. ಮುನ್ನುಡಿಗೆ ದುಡ್ಡು ಕೇಳುವ ಸಾಹಿತಿ ನನಗಂತೂ ಇನ್ನೂ ಸಿಕ್ಕಿಲ್ಲ. ಮಧ್ಯವರ್ತಿಗಳು ಬೇಕಾದಷ್ಟು ಸಿಕ್ಕಿದ್ದಾರೆ.

ಅಗ್ಗದ ದಾರಿ, ಮತ್ತು ಎಐ

ನಿಮ್ಮ ಮೂರು ಪುಟದ ಟಿಪ್ಪಣಿ ತೆಗೆದುಕೊಂಡು ಹದಿನೈದು ದಿನದಲ್ಲಿ ಇನ್ನೂರು ಪುಟ ಕೊಡುವವರಿದ್ದಾರೆ. ಮೂರು ಪುಟ ಇನ್ನೂರಾಗುವುದು ಹೇಗೆ? ಮೊದಲಾದರೆ ವಿಕಿಪೀಡಿಯಾ ಇತ್ತು, ಈಗ ಎಐ ಇದೆ.

ಹಳೆಯ ತುಂಬಾಣಿಕೆಯನ್ನು ಕಂಡುಹಿಡಿಯುವುದು ಸುಲಭ. ‘ನಾನು ಮುಂಬಯಿಗೆ ಬಂದೆ’ ಅನ್ನುವ ವಾಕ್ಯ ಆದ ಕೂಡಲೇ ಏಳು ದ್ವೀಪಗಳ ಕಥೆ ಶುರುವಾಗುತ್ತದೆ. 1661ರ ಮದುವೆಯ ಒಪ್ಪಂದದಲ್ಲಿ ಪೋರ್ಚುಗೀಸರು ಇಂಗ್ಲೆಂಡಿನ ರಾಜನಿಗೆ ವರದಕ್ಷಿಣೆಯಾಗಿ ಕೊಟ್ಟದ್ದು, 1668ರಲ್ಲಿ ವರ್ಷಕ್ಕೆ ಹತ್ತು ಪೌಂಡಿಗೆ ಈಸ್ಟ್ ಇಂಡಿಯಾ ಕಂಪನಿಗೆ ಹೋದದ್ದು, ಎಲ್ಲ ಬರುತ್ತದೆ. ನಿಜವೇ, ತಪ್ಪೇನಿಲ್ಲ. ಆದರೆ ಕಾರ್ಕಳದಿಂದ ಬಂದು ಸಯಾನ್‌ನಲ್ಲಿ ಚಹಾ ಅಂಗಡಿ ಇಟ್ಟವರ ಬದುಕಿಗೂ ಆ ವರದಕ್ಷಿಣೆಗೂ ಏನು ಸಂಬಂಧ? ಪುಟಕ್ಕೆ ಇಷ್ಟು, ಫಾರ್ಮಾಕ್ಕೆ (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತೆ) ಇಷ್ಟು ಅಂತ ದರ ಮಾತಾಡಿದರೆ ಇದು ಆಗಿಯೇ ಆಗುತ್ತದೆ. ಹಾಗಾಗಿ ಪುಟದ ಲೆಕ್ಕದಲ್ಲಿ ದರ ಬೇಡ. ಇಡೀ ಕೆಲಸಕ್ಕೆ ಇಷ್ಟು ಅಂತ ಮಾತಾಡಿ.

ಎಐ ತುಂಬಾಣಿಕೆ ಇದಕ್ಕಿಂತ ನಯ. ವಾಕ್ಯಗಳೆಲ್ಲ ಶುದ್ಧ, ಎಲ್ಲರೂ ಟಿವಿ ವಾರ್ತೆ ಓದುವವರ ಹಾಗೆ ಮಾತಾಡುತ್ತಾರೆ. ಕುಂದಾಪುರದ ಅಜ್ಜಿಯ ಬಾಯಲ್ಲಿ ಬೆಂಗಳೂರಿನ ಪುಸ್ತಕದ ಕನ್ನಡ. ಪ್ರತಿ ಅಧ್ಯಾಯದ ಕೊನೆಗೆ ಒಂದು ನೀತಿ. ಅದಕ್ಕಿಂತ ಕೆಟ್ಟದ್ದು, ನಡೆಯದ ಘಟನೆ ನಡೆದಂತೆ ಸೇರಿಕೊಳ್ಳುವುದು. ನೀವು ಹೇಳದ ಒಬ್ಬ ಗುರುಗಳು, ನೀವು ಅಳದ ಒಂದು ರೈಲ್ವೆ ಪ್ಲಾಟ್‌ಫಾರ್ಮ್. ಮನೆಯಲ್ಲಿ ಓದುವವರಿಲ್ಲದಿದ್ದರೆ ಇದು ಹಾಗೇ ಅಚ್ಚಾಗಿ ಹೋಗುತ್ತದೆ, ಆಮೇಲೆ ಊರಿನ ದಾಯಾದಿಯೊಬ್ಬರು ಫೋನ್ ಮಾಡಿ ‘ಆ ಮೇಷ್ಟ್ರು ಯಾರಪ್ಪಾ?’ ಅನ್ನುತ್ತಾರೆ.

ಎಐ ಬಳಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಧ್ವನಿಯನ್ನು ಅಕ್ಷರಕ್ಕಿಳಿಸಲು, ಕಾಗುಣಿತ ನೋಡಲು ಅದು ಸಹಾಯ ಮಾಡುತ್ತದೆ. ಮುಚ್ಚಿಟ್ಟು ಬಳಸಿ, ತಾವೇ ಬರೆದಂತೆ ದರ ವಸೂಲಿ ಮಾಡುವುದು ತಪ್ಪು. ಎಲ್ಲಿ ಬಳಸುತ್ತೀರಿ, ನನ್ನ ರೆಕಾರ್ಡಿಂಗ್ ಯಾವ ಆ್ಯಪಿಗೆ ಹೋಗುತ್ತದೆ ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ. ‘ಎಐ ಪತ್ತೆ ಮಾಡುವ’ ಉಪಕರಣಗಳ ಸರ್ಟಿಫಿಕೇಟ್ ತೋರಿಸಿದರೆ ಕನ್ನಡದ ಮಟ್ಟಿಗೆ ನಂಬಬೇಡಿ. ಅದಕ್ಕಿಂತ ನೀವು ರೆಕಾರ್ಡಿಂಗ್‌ನಲ್ಲಿ ಹೇಳಿದ್ದು ಮತ್ತು ಅಧ್ಯಾಯದಲ್ಲಿ ಬಂದದ್ದು, ಎರಡನ್ನೂ ಪಕ್ಕ ಇಟ್ಟು ನೋಡುವುದು ಒಳ್ಳೆಯದು.

ನಕಲು ಹಿಡಿಯಲು ಒಂದು ವಿಚಿತ್ರ ಅಡ್ಡಿ ಇದೆ. ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲು ಕಂಪ್ಯೂಟರಿಗೆ ಕನ್ನಡವಾಗಿ ಕಾಣುವುದೇ ಇಲ್ಲ. ಗೂಗಲ್‌ನಲ್ಲಿ ಹುಡುಕಲು ಬರುವುದಿಲ್ಲ. ಅಧ್ಯಾಯಗಳನ್ನು ಕಂಪ್ಯೂಟರು ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ನಲ್ಲೇ ಕೊಡಿ ಅನ್ನಿ. ಆಗ ಅನುಮಾನ ಬಂದ ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿ ಹುಡುಕಬಹುದು. ಕನ್ನಡ ಅಕ್ಷರ ಬಾರದ ಮೊಮ್ಮಗಳೂ ಇದನ್ನು ಮಾಡಬಲ್ಲಳು, ನಕಲು ಮಾಡಿ ಅಂಟಿಸಿದರೆ ಸಾಕು.

ಹೇಳುವುದು ನೀವು, ತಿದ್ದುವುದು ಸಂಪಾದಕರು

ನನ್ನನ್ನು ಕೇಳಿದರೆ ಬಹಳ ಜನರಿಗೆ ಘೋಸ್ಟ್ ರೈಟರ್ (ತಮ್ಮ ಹೆಸರಿಲ್ಲದೆ ಇನ್ನೊಬ್ಬರಿಗಾಗಿ ಬರೆದುಕೊಡುವವರು) ಬೇಕಾಗಿಯೇ ಇಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಯಾರಿಂದಲಾದರೂ ಅದನ್ನು ಅಕ್ಷರಕ್ಕಿಳಿಸಿ, ಆಮೇಲೆ ಒಬ್ಬ ಒಳ್ಳೆಯ ಸಂಪಾದಕರಿಗೆ ಕೊಡಿ. ಒಂದು ಗಂಟೆಯ ಮಾತನ್ನು ಬರೆದಿಳಿಸಲು ಸಾಮಾನ್ಯವಾಗಿ ನಾಲ್ಕೈದು ಗಂಟೆ ಹಿಡಿಯುತ್ತದೆ, ಈಗಿನ ಉಪಕರಣ ಬಳಸಿದರೆ ಕಡಿಮೆ. ಸಂಪಾದಕರ ಕೆಲಸ ಜೋಡಿಸುವುದು, ಎರಡೆರಡು ಸಲ ಬಂದದ್ದನ್ನು ತೆಗೆಯುವುದು, ಇಸವಿ ಸರಿಮಾಡುವುದು. ಮಾತು ನಿಮ್ಮದೇ ಇರುತ್ತದೆ. ಒಳಪುಟದಲ್ಲಿ ‘ನಿರೂಪಣೆ’ ಅಂತ ಇನ್ನೊಬ್ಬರ ಹೆಸರು ಹಾಕುವುದು ಕನ್ನಡದಲ್ಲಿ ಮೊದಲಿನಿಂದ ಇರುವ ಪದ್ಧತಿ. ಮುಚ್ಚಿಡುವಂಥದ್ದು ಏನೂ ಇರುವುದಿಲ್ಲ, ಹಾಗಾಗಿ ಮೋಸಕ್ಕೆ ಜಾಗವೂ ಕಡಿಮೆ.

ಇದು ಒಪ್ಪದ ಸಂದರ್ಭಗಳಿವೆ. ಮಾತು ತೀರಾ ಕಡಿಮೆ ಇರುವವರು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವವರು, ಅವರಿಗೆ ಎದುರು ಕೂತು ಕೆದಕಿ ಕೇಳುವ ಬರಹಗಾರರೇ ಬೇಕು. ಸಂಘದ ಐವತ್ತು ವರ್ಷದ ಚರಿತ್ರೆಗೂ ಹಾಗೆಯೇ, ಅಲ್ಲಿ ಹಳೆಯ ಮಿನಿಟ್ಸ್ ಪುಸ್ತಕ ಓದುವ ತಾಳ್ಮೆ ಬೇಕು. ಇಂಗ್ಲಿಷ್‌ನಲ್ಲಿ ಬಿಸಿನೆಸ್ ಪುಸ್ತಕ ಬೇಕಾದರೆ ಮಾರುಕಟ್ಟೆಯೇ ಬೇರೆ, ದರವೂ ಬೇರೆ. ಆದರೆ ಹಕ್ಕಿನ ಮಾತು ಅಲ್ಲೂ ಇದೇ.

ದುಡ್ಡು ಕೊಟ್ಟರೆ ಪುಸ್ತಕ ನಿಮ್ಮದಾಗುವುದಿಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಭಾರತದ 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಕೃತಿಯ ಮೊದಲ ಒಡೆತನ ಬರೆದವರದು. ದುಡ್ಡು ಕೊಟ್ಟು ಮಾಡಿಸಿದವರಿಗೆ ಸೀದಾ ಹಕ್ಕು ಹೋಗುವುದು ಫೋಟೋ, ಭಾವಚಿತ್ರ, ಸಿನಿಮಾದಂಥ ಕೆಲವಕ್ಕೆ ಮಾತ್ರ. ಪುಸ್ತಕದ ಬರಹ ಆ ಪಟ್ಟಿಯಲ್ಲಿ ಇಲ್ಲ. ಸಂಬಳದ ನೌಕರರು ಬರೆದರೆ ಮಾಲೀಕರಿಗೆ ಹೋಗುತ್ತದೆ, ಆದರೆ ನೀವು ಕರೆಸಿದ ಬರಹಗಾರರು ನಿಮ್ಮ ನೌಕರರಲ್ಲ. ಆದ್ದರಿಂದ ಅವರು ಹಕ್ಕನ್ನು ನಿಮಗೆ ಬರೆದುಕೊಡಬೇಕು, ಸಹಿ ಹಾಕಿ. ಬಾಯಿಮಾತು, ವಾಟ್ಸಾಪಿನ ‘ಓಕೆ ಸರ್’ ಮೇಲೆ ಕೂತಿರಬೇಡಿ.

ಆ ಕಾಗದದಲ್ಲಿ ಏನಿರಬೇಕು ಅನ್ನುವುದನ್ನು 19ನೇ ಕಲಮು ಹೇಳುತ್ತದೆ. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ. ಕಾಲ ಬರೆಯದಿದ್ದರೆ ಐದೇ ವರ್ಷ ಅಂತ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಬೇರೆ ರೀತಿ ಬರೆದುಕೊಂಡಿರದಿದ್ದರೆ. ನಮ್ಮವರಲ್ಲಿ ಇದು ಎಷ್ಟು ಸಾಮಾನ್ಯ ನೋಡಿ: ಬರೆದು ಮುಗಿದ ಮೇಲೆ ‘ಎಂಬತ್ತನೇ ಹುಟ್ಟುಹಬ್ಬಕ್ಕೆ ಬಿಡುಗಡೆ ಮಾಡೋಣ’ ಅಂತ ಎರಡು ವರ್ಷ ಕಪಾಟಿನಲ್ಲಿಡುತ್ತಾರೆ. ಹಾಗಾಗಿ ‘ಕಾಪಿರೈಟ್ ಇರುವಷ್ಟು ಕಾಲ, ಪ್ರಪಂಚದಾದ್ಯಂತ, ಒಂದು ವರ್ಷದ ನಿಬಂಧನೆ ಅನ್ವಯಿಸದು’ ಅಂತ ಬರೆಸಿ. ಅನುವಾದ, ಇ-ಪುಸ್ತಕ, ಆಡಿಯೋ ಹಕ್ಕುಗಳನ್ನೂ ಹೆಸರು ಹಿಡಿದು ಸೇರಿಸಿ. ಕನ್ನಡ ಓದಲು ಬಾರದ ಮೊಮ್ಮಕ್ಕಳಿಗೆ ನಾಳೆ ಇಂಗ್ಲಿಷ್ ಅನುವಾದ ಬೇಕಾಗಬಹುದು.

ಹಕ್ಕು ಕೊಟ್ಟ ಮೇಲೂ ಬರೆದವರಿಗೆ ‘ಇದು ನನ್ನ ಬರಹ’ ಅನ್ನುವ ವಿಶೇಷ ಹಕ್ಕು 57ನೇ ಕಲಮಿನಲ್ಲಿ ಉಳಿಯುತ್ತದೆ. ಹೆಸರು ಬೇಡ ಅಂತ ಒಪ್ಪಿದ್ದರೆ ಅದನ್ನು ಸ್ಪಷ್ಟವಾಗಿ ಬರೆದುಕೊಳ್ಳಿ. ಕಂಪನಿಯ ಮೂಲಕ ಬರೆಸಿದರೆ ಇನ್ನೊಂದು ಗಂಟು. ಕಂಪನಿ ನಿಮಗೆ ಹಕ್ಕು ಬರೆದುಕೊಡಬೇಕಾದರೆ ಮೊದಲು ಅದರ ಕೈಯಲ್ಲಿ ಹಕ್ಕು ಇರಬೇಕಲ್ಲ? ಬರೆದವರು ಕಂಪನಿಯ ನೌಕರರಲ್ಲದಿದ್ದರೆ ಅವರ ಸಹಿ ಇರುವ ಕಾಗದ ತೋರಿಸಿ ಅನ್ನಿ. ಪ್ಯಾಕೇಜ್ ಕಂಪನಿಗಳು ತಡವರಿಸುವುದು ಹೆಚ್ಚಾಗಿ ಈ ಪ್ರಶ್ನೆಗೇ.

ಛಾಪಾ ಕಾಗದ ಹಿಡಿಯುವುದಾದರೆ, ಮಹಾರಾಷ್ಟ್ರದಲ್ಲಿ 100 ರೂಪಾಯಿಯ ಕಾಲ ಹೋಯಿತು. 2024ರ ಅಕ್ಟೋಬರ್‌ನಿಂದ ಸಾಮಾನ್ಯ ಒಪ್ಪಂದಗಳಿಗೆ 500. ಒಂದು ಸಲ ವಕೀಲರಿಂದ ಓದಿಸಿದರೆ ನಷ್ಟವಿಲ್ಲ.

ದುಡ್ಡಿನ ಕಂತು ಮತ್ತು ಒಂದು ಸಣ್ಣ ಪರೀಕ್ಷೆ

ಲಕ್ಷ ರೂಪಾಯಿಗೆ ಮಾತಾಯಿತು ಅಂದುಕೊಳ್ಳಿ. ಸಹಿ ದಿನ 20 ಸಾವಿರ, ರೆಕಾರ್ಡಿಂಗ್ ಬರೆದಿಳಿಸಿ ಅಧ್ಯಾಯಗಳ ಪಟ್ಟಿ ಕೊಟ್ಟಾಗ 20, ಅರ್ಧ ಅಧ್ಯಾಯಗಳಿಗೆ 20, ಉಳಿದರ್ಧಕ್ಕೆ 20, ತಿದ್ದಿದ ಕೊನೆಯ ಫೈಲು ಕೈಗೆ ಬಂದಾಗ ಉಳಿದದ್ದು. ಪ್ರತಿ ಕಂತಿನ ಜೊತೆ ಅಷ್ಟರ ತನಕದ ತಿದ್ದಬಹುದಾದ ಫೈಲು ನಿಮ್ಮ ಇಮೇಲಿಗೆ ಬರಬೇಕು. ಬರೀ ಪಿಡಿಎಫ್ ಸಾಲದು. ಕೊನೆಯಲ್ಲಿ ಫೈಲು ಹಿಡಿದಿಟ್ಟುಕೊಂಡು ‘ಇನ್ನಿಷ್ಟು ಕೊಡಿ’ ಅನ್ನುವ ಆಟಕ್ಕೆ ಇದೊಂದೇ ಮದ್ದು. ಪೂರ್ತಿ ಮುಂಗಡ ಕೇಳುವವರನ್ನು ಬಿಡಿ. ಮುಂಗಡವೇ ಬೇಡ ಅನ್ನುವವರ ಬಗ್ಗೆಯೂ ನನಗೆ ಅನುಮಾನ, ಅವರು ಇನ್ನೆಲ್ಲೋ ದುಡ್ಡು ತೆಗೆಯುವ ಯೋಚನೆ ಇಟ್ಟಿರುತ್ತಾರೆ, ಹೆಚ್ಚಾಗಿ ಮುದ್ರಣದಲ್ಲಿ.

ಹಳೆಯ ಕೆಲಸ ತೋರಿಸಿ ಅಂದರೆ ಘೋಸ್ಟ್ ರೈಟರ್‌ಗಳಿಗೆ ನಿಜವಾಗಿಯೂ ಕಷ್ಟ, ಗುಟ್ಟಿನ ಒಪ್ಪಂದ ಇರುತ್ತದೆ. ಇದನ್ನೇ ನೆಪ ಮಾಡಿಕೊಂಡು ‘ಇಂಥ ದೊಡ್ಡವರ ಪುಸ್ತಕ ನಾನೇ ಬರೆದದ್ದು, ಹೆಸರು ಹೇಳುವಂತಿಲ್ಲ’ ಅನ್ನುವವರೂ ಇದ್ದಾರೆ. ಇನ್ನೊಬ್ಬರ ಬರಹವನ್ನೇ ತನ್ನ ಸ್ಯಾಂಪಲ್ ಅಂತ ಕೊಡುವವರೂ ಇದ್ದಾರೆ. ಹಾಗಾಗಿ ಹಳೆಯದನ್ನು ಬಿಡಿ, ಹೊಸ ಸ್ಯಾಂಪಲ್ ಬರೆಸಿ. ಇಪ್ಪತ್ತು ನಿಮಿಷ ನಿಮ್ಮ ಬದುಕಿನ ಒಂದು ಪ್ರಸಂಗ ಹೇಳಿ, ನಾಲ್ಕು ಪುಟ ಬರೆದು ಕೊಡಲಿ. ಅದಕ್ಕೆ ದುಡ್ಡು ಕೊಡಿ. ಮೂರು ಜನರಿಂದ ಪುಕ್ಕಟೆ ಸ್ಯಾಂಪಲ್ ಬರೆಸಿ, ಮೂರನ್ನೂ ಸೇರಿಸಿ ಸಂಚಿಕೆ ಮಾಡಿದ ಸಂಘಗಳೂ ಮುಂಬಯಿಯಲ್ಲಿವೆ. ಮೋಸ ಬರೀ ಬರೆಯುವವರ ಕಡೆಯಿಂದಲೇ ಆಗುತ್ತದೆ ಅಂದುಕೊಳ್ಳಬೇಡಿ.

ಆ ಸ್ಯಾಂಪಲ್‌ನಲ್ಲಿ ಭಾಷೆಗಿಂತ ಅವರು ಕೇಳಿದ ಪ್ರಶ್ನೆಗಳನ್ನು ನಾನು ನೋಡುತ್ತೇನೆ. ‘1980ರಲ್ಲಿ ಗಿರಣಿ ಮುಷ್ಕರ ಆದಾಗ’ ಅಂತ ನೀವು ಹೇಳಿದರೆ ಒಳ್ಳೆಯ ಬರಹಗಾರರು ತಡೆಯುತ್ತಾರೆ: ‘ದೊಡ್ಡ ಮುಷ್ಕರ ಶುರುವಾದದ್ದು 1982ರ ಜನವರಿಯಲ್ಲಿ, ಕಾರ್ಮಿಕ ನಾಯಕ ದತ್ತಾ ಸಾಮಂತರದ್ದು. ನೀವು ಹೇಳುತ್ತಿರುವುದು ಅದೇನಾ, ಅಥವಾ ಬೇರೆ ಸಣ್ಣ ಗಲಾಟೆಯಾ?’ ಮಹಾಮಳೆ ಅಂದರೆ ‘2005ರ ಜುಲೈ 26 ತಾನೇ? ಆಗ ಹೋಟೆಲ್ ಕುರ್ಲಾದಲ್ಲಿತ್ತಾ, ಘಾಟ್ಕೋಪರ್‌ನಲ್ಲಿತ್ತಾ?’ ಅನ್ನುತ್ತಾರೆ. ಬರೀ ತಲೆಯಾಡಿಸಿ ಹೊಗಳುತ್ತ ಬರೆದುಕೊಳ್ಳುವವರು, ಸಾಂತಾಕ್ರೂಜ್‌ನಲ್ಲಿ ಆ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಇಂಟರ್‌ನೆಟ್‌ನಿಂದ ತಂದು ಸೇರಿಸುತ್ತಾರೆ, ನಿಮ್ಮ ಅಡುಗೆಮನೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಕೇಳುವುದಿಲ್ಲ.

ಅಧ್ಯಾಯ ಬಂದಂತೆಲ್ಲ ಯಾರಾದರೂ ಗಟ್ಟಿಯಾಗಿ ಓದಲಿ, ಹೇಳಿದವರು ಕೇಳಿಸಿಕೊಳ್ಳಲಿ. ಕನ್ನಡ ಓದುವವರು ಮನೆಯಲ್ಲಿಲ್ಲದಿದ್ದರೆ ಸಂಘದ ಗೆಳೆಯರೊಬ್ಬರನ್ನು ಕರೆಯಿರಿ, ಅಥವಾ ಬರಹಗಾರರಿಗೇ ಫೋನಿನಲ್ಲಿ ಓದಲು ಹೇಳಿ. ಎಂಬತ್ತು ದಾಟಿದವರು ಕೂಡ ‘ನಾನು ಹೀಗೆ ಹೇಳಿಲ್ಲ ಮಾರಾಯ’ ಅಂತ ಥಟ್ಟನೆ ಹಿಡಿಯುತ್ತಾರೆ.

ಯಾರಿಗೆ ಯಾವುದು

ಮಾತು ಬರುತ್ತದೆ, ಬರವಣಿಗೆ ಬರುವುದಿಲ್ಲ ಅನ್ನುವವರಿಗೆ ರೆಕಾರ್ಡಿಂಗ್ ಮತ್ತು ಸಂಪಾದಕರು. ಮಾತು ಕಡಿಮೆ ಇರುವವರಿಗೆ, ಸಂಘದ ಚರಿತ್ರೆಗೆ ಊರಲ್ಲೇ ಇರುವ ಬರಹಗಾರರು, ಕಾಗದ ಮಾಡಿಕೊಂಡು. ಇಲ್ಲಿ ಸರಿಯಾದವರು ಸಿಗದಿದ್ದರೆ ಮಾತ್ರ ಫೋನಿನವರು. ಪ್ಯಾಕೇಜ್ ಕಂಪನಿಯನ್ನು ನಾನು ಮುದ್ರಣಕ್ಕೆ ಮಾತ್ರ ಯೋಚಿಸುತ್ತೇನೆ, ಬರೆಸುವುದಕ್ಕಲ್ಲ. ಹದಿನೈದು ದಿನದವರು ಯಾರಿಗೂ ಬೇಡ.

ಕೆಟ್ಟುಹೋದರೆ

ಆನ್‌ಲೈನ್‌ನಲ್ಲಿ ದುಡ್ಡು ಕಳಿಸಿದ ಕೂಡಲೇ ಫೋನ್ ಸ್ವಿಚ್ ಆಫ್ ಆದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ತಿಳಿಸಿದರೆ ಹಣವನ್ನು ನಡುವೆ ತಡೆಯುವ ಸಾಧ್ಯತೆ ಇರುತ್ತದೆ. ಕಂಪನಿ ಇದೆ, ಆದರೆ ಹೇಳಿದ ಕೆಲಸ ಮಾಡಿಲ್ಲ ಅಂದರೆ ಗ್ರಾಹಕ ಸಹಾಯವಾಣಿ 1915. ಜಾಹೀರಾತಿನ ಸ್ಕ್ರೀನ್‌ಶಾಟ್, ಬಿಲ್ಲು, ವಾಟ್ಸಾಪ್ ಮಾತು ಯಾವುದನ್ನೂ ಅಳಿಸಬೇಡಿ. ಒಬ್ಬ ಬರಹಗಾರರ ಜೊತೆ ಮನಸ್ತಾಪ ಆಗಿದ್ದರೆ ಪೊಲೀಸ್ ಠಾಣೆಗೆ ಓಡುವ ಮೊದಲು ಇಬ್ಬರಿಗೂ ಬೇಕಾದ ಒಬ್ಬ ಹಿರಿಯರನ್ನು ಕೂರಿಸಿ ಮಾತಾಡಿ. ಈ ಊರಿನ ಕನ್ನಡ ವಲಯದಲ್ಲಿ ಅದು ಕೆಲಸ ಮಾಡುತ್ತದೆ.

ಮತ್ತು ದುಡ್ಡು ವಾಪಸ್ ಕೇಳುವುದಕ್ಕಿಂತ ಮೊದಲು ರೆಕಾರ್ಡಿಂಗ್ ವಾಪಸ್ ಕೇಳಿ. ವಯಸ್ಸಾದವರು ಅದೇ ಕಥೆಯನ್ನು ಎರಡನೇ ಸಲ ಅಷ್ಟೇ ಉತ್ಸಾಹದಿಂದ ಹೇಳುವುದಿಲ್ಲ. ಇನ್ನೂ ಶುರು ಮಾಡಿರದವರು ಮೊದಲ ದಿನದಿಂದಲೇ ರೆಕಾರ್ಡಿಂಗ್‌ನ ಒಂದು ಪ್ರತಿಯನ್ನು ಮನೆಯ ಪೆನ್‌ಡ್ರೈವ್‌ನಲ್ಲಿ, ಇನ್ನೊಂದನ್ನು ಮಕ್ಕಳ ಇಮೇಲಿನಲ್ಲಿ ಇಟ್ಟುಕೊಳ್ಳಿ.